ಸಾವಿನ ತೀರ್ಪಿನಿಂದ ಪಾರಾದ ಲಿಪಿ

ಆಧುನಿಕ ಚೀನೀ ಸಾಹಿತ್ಯದ ಆದ್ಯರೆನಿಸಿದ ಲೂ ಶುನ್ 1936ರಲ್ಲಿ ಶಾಂಘೈ ನಗರದಲ್ಲಿ ಕ್ಷಯರೋಗದಿಂದ ಬಳಲಿ ತೀರಿಕೊಂಡರು. ತಮ್ಮ ಕೊನೆಯ ವರ್ಷಗಳಲ್ಲಿ ಅವರು ಇನ್ನೊಂದು ಸಾವನ್ನೂ ಬಯಸಿದ್ದರು. ಅದು ಚೀನೀ ಲಿಪಿಯ ಸಾವು. ತಮ್ಮ ಕಥೆಗಳನ್ನೆಲ್ಲ ಯಾವ ಅಕ್ಷರಗಳಲ್ಲಿ ಬರೆದರೋ ಅದೇ ಅಕ್ಷರಗಳು ದುಡಿಯುವ ಜನರ ಮೈಗೆ ಅಂಟಿದ ರೋಗವೆಂದೂ, ಅವು ತೊಲಗದ ಹೊರತು ದೇಶಕ್ಕೆ ಉಳಿವಿಲ್ಲವೆಂದೂ ಅವರು ವಾದಿಸಿದ್ದರು. ಈ ಮಾತನ್ನು ಆಡಿದವರು ಅವರೊಬ್ಬರೇ ಅಲ್ಲ. 1918ರಲ್ಲೇ ಚಿಯೆನ್ ಶುವಾನ್‌ತೋಂಗ್ ಎಂಬ ಭಾಷಾವಿದ್ವಾಂಸರು, ಕನ್ಫ್ಯೂಷಿಯಸ್ ಪರಂಪರೆಯ ಹಿಡಿತವನ್ನು ಕಳಚಬೇಕಾದರೆ ಅದನ್ನು ಹೊತ್ತು ತಂದಿರುವ ಅಕ್ಷರಗಳನ್ನೇ ಮೊದಲು ಕೈಬಿಡಬೇಕೆಂದು ಬರೆದಿದ್ದರು. ಎಡಪಂಥೀಯರು, ಉದಾರವಾದಿಗಳು, ರಾಷ್ಟ್ರೀಯವಾದಿಗಳು ಬೇರೆಲ್ಲ ವಿಷಯಗಳಲ್ಲಿ ಜಗಳವಾಡುತ್ತಿದ್ದರೂ ಅವರಲ್ಲಿ ಅನೇಕರು ಈ ಒಂದು ವಿಷಯದಲ್ಲಿ ಒಂದಾಗಿದ್ದರು.

ತೀರ್ಪು ಹೊರಬಿದ್ದು ನೂರು ವರ್ಷ ಕಳೆದಿದೆ. ಇಂದು ಆ ಲಿಪಿಯನ್ನು ಓದಬಲ್ಲವರ ಸಂಖ್ಯೆ ಚೀನಾದ ಇತಿಹಾಸದಲ್ಲೇ ಅತಿ ಹೆಚ್ಚು. 2020ರ ಜನಗಣತಿಯ ಪ್ರಕಾರ ಆ ದೇಶದಲ್ಲಿ ಅನಕ್ಷರಸ್ಥರ ಪ್ರಮಾಣ ಶೇ 2.67 ಮಾತ್ರ. ಹಾಗಾದರೆ ಅಷ್ಟೊಂದು ಮೇಧಾವಿಗಳು ಒಮ್ಮತದಿಂದ ಕೊಟ್ಟ ತೀರ್ಪು ಜಾರಿಗೆ ಬರಲಿಲ್ಲವೇಕೆ? ಉತ್ತರಕ್ಕಾಗಿ ಮೊದಲು ಆ ಲಿಪಿಯ ಒಳಗುಟ್ಟನ್ನು ಅರಿಯಬೇಕು.

ಚಿತ್ರದಿಂದ ಶಬ್ದಕ್ಕೆ

ನಮ್ಮಲ್ಲಿ ಚೀನೀ ಲಿಪಿಯನ್ನು ‘ಚಿತ್ರಲಿಪಿ’ ಎಂದು ಕರೆಯುವುದು ವಾಡಿಕೆ. ಇದು ಅದರ ಹುಟ್ಟಿನ ಮಟ್ಟಿಗೆ ನಿಜ, ಬೆಳವಣಿಗೆಯ ಮಟ್ಟಿಗೆ ಅಲ್ಲ. ಆ ಹುಟ್ಟಿನ ಕುರುಹು ವಿದ್ವಾಂಸರ ಕಣ್ಣಿಗೆ ಬಿದ್ದದ್ದು 1899ರಲ್ಲಿ. ಚೀನಾದ ಔಷಧಿ ಅಂಗಡಿಗಳಲ್ಲಿ ‘ಡ್ರ್ಯಾಗನ್ ಮೂಳೆ’ ಎಂಬ ಹೆಸರಿನಲ್ಲಿ ಹಳೆಯ ಎಲುಬುಗಳನ್ನು ಪುಡಿಮಾಡಿ ಮಾರುತ್ತಿದ್ದರು. ಅವುಗಳ ಮೇಲಿದ್ದ ಗೀರುಗಳು ಪ್ರಾಚೀನ ಬರವಣಿಗೆ ಎಂದು ಗುರುತಿಸಿದ ಕೀರ್ತಿ ಬೀಜಿಂಗ್‌ನ ವಿದ್ವಾಂಸ ಹಾಗೂ ಅಧಿಕಾರಿ ವಾಂಗ್ ಯಿರೋಂಗ್ ಅವರಿಗೆ ಸಲ್ಲುತ್ತದೆ. ಎಲುಬುಗಳ ಜಾಡು ಹಿಡಿದು ಹೊರಟವರು ತಲುಪಿದ್ದು ಹೆನಾನ್ ಪ್ರಾಂತದ ಆನ್ಯಾಂಗ್ ಪಟ್ಟಣದ ಹೊಲಗಳಿಗೆ. 1928ರಿಂದ 1937ರವರೆಗೆ ಅಲ್ಲಿ ನಡೆದ ಉತ್ಖನನದಲ್ಲಿ ಶಾಂಗ್ ವಂಶದ ಕೊನೆಯ ರಾಜಧಾನಿಯೇ ಬೆಳಕು ಕಂಡಿತು.

ಕ್ರಿಸ್ತಪೂರ್ವ 1200ರ ಆಸುಪಾಸಿನಿಂದ ಆಳಿದ ಆ ರಾಜರು ಆಮೆಯ ಹೊಟ್ಟೆಯ ಚಿಪ್ಪನ್ನೂ ಎತ್ತಿನ ಹೆಗಲ ಮೂಳೆಯನ್ನೂ ಕಾಯಿಸಿ, ಅದರಲ್ಲಿ ಮೂಡಿದ ಬಿರುಕುಗಳಿಂದ ಭವಿಷ್ಯ ಕೇಳುತ್ತಿದ್ದರು. ಮಳೆ ಬಂದೀತೇ? ರಾಣಿಯ ಹೆರಿಗೆ ಸುಸೂತ್ರವಾದೀತೇ? ಯುದ್ಧಕ್ಕೆ ಹೊರಡಬಹುದೇ? ಪ್ರಶ್ನೆಯನ್ನು ಅದೇ ಎಲುಬಿನ ಮೇಲೆ ಕೊರೆಯುತ್ತಿದ್ದರು. ಹೀಗೆ ಸಿಕ್ಕ ನಾಲ್ಕೈದು ಸಾವಿರ ಬಗೆಯ ಅಕ್ಷರಗಳಲ್ಲಿ ಖಚಿತವಾಗಿ ಓದಲಾಗಿರುವುದು ಸುಮಾರು ಮೂರರಲ್ಲಿ ಒಂದು ಭಾಗ. ಅವುಗಳಲ್ಲಿ ಸೂರ್ಯ, ಚಂದ್ರ, ಬೆಟ್ಟ, ಮರ, ಕುದುರೆ ಮುಂತಾದವು ನೋಡಿದೊಡನೆ ಗುರುತು ಹತ್ತುವ ಚಿತ್ರಗಳೇ ಹೌದು. ಒಂದು ಮರ ಬರೆದರೆ ಮರ, ಎರಡು ಬರೆದರೆ ತೋಪು. ಮರದ ಪಕ್ಕದಲ್ಲಿ ಮನುಷ್ಯನನ್ನು ನಿಲ್ಲಿಸಿದರೆ ವಿಶ್ರಾಂತಿ.

ಆದರೆ ಈ ಜಾಣತನ ಬಹು ದೂರ ಸಾಗದು. ‘ಬಾ’ ಎಂಬ ಕ್ರಿಯೆಯನ್ನು ಚಿತ್ರಿಸುವುದು ಹೇಗೆ? ‘ಹತ್ತು ಸಾವಿರ’ವನ್ನು ಬಿಡಿಸುವುದು ಹೇಗೆ? ಇಲ್ಲಿ ಶಾಂಗ್ ಕಾಲದ ಲಿಪಿಕಾರರು ಕಂಡುಕೊಂಡ ಉಪಾಯವೇ ಚೀನೀ ಲಿಪಿಯ ನಿಜವಾದ ಹುಟ್ಟು. ಗೋಧಿ ಪೈರಿನ ಹೆಸರು ‘ಬಾ’ ಎಂಬ ಪದದಂತೆಯೇ ಕೇಳಿಸುತ್ತಿತ್ತು. ಆದ್ದರಿಂದ ಗೋಧಿಯ ಚಿತ್ರವನ್ನು ‘ಬಾ’ ಎಂಬುದಕ್ಕೆ ಎರವಲು ತಂದರು. ಚೇಳಿನ ಚಿತ್ರವನ್ನು ಅದೇ ರೀತಿ ಹತ್ತು ಸಾವಿರಕ್ಕೆ ತಂದರು. ಚೇಳಿಗೂ ಸಂಖ್ಯೆಗೂ ಅರ್ಥದಲ್ಲಿ ಯಾವ ಸಂಬಂಧವೂ ಇಲ್ಲ. ಸಂಬಂಧವಿದ್ದದ್ದು ಉಚ್ಚಾರಣೆಯಲ್ಲಿ. ಆ ಗಳಿಗೆಯಲ್ಲಿ ಚಿತ್ರ ಶಬ್ದವಾಯಿತು.

ಕನ್ನಡದ ಉದಾಹರಣೆಯಿಂದ ಇದು ಸ್ಪಷ್ಟವಾದೀತು. ನಮ್ಮಲ್ಲಿ ‘ಆಡು’ ಎಂದರೆ ಮೇಕೆಯೂ ಹೌದು, ಆಟವಾಡುವುದೂ ಹೌದು, ನುಡಿಯುವುದೂ ಹೌದು. ನಮಗೆ ಅಕ್ಷರಮಾಲೆಯೇ ಇಲ್ಲವೆಂದು ಭಾವಿಸಿ. ಮೇಕೆಯ ಚಿತ್ರವೊಂದನ್ನೇ ಮೂರಕ್ಕೂ ಬಳಸಿದರೆ ಓದುವವನಿಗೆ ಗೊಂದಲ. ಆಗ ಮೇಕೆಯ ಪಕ್ಕದಲ್ಲಿ ಬಾಯಿಯ ಗುರುತು ಹಾಕಿದರೆ ‘ನುಡಿ’ ಎಂದೂ, ಕಾಲಿನ ಗುರುತು ಹಾಕಿದರೆ ‘ಆಟ’ ಎಂದೂ ತಿಳಿಯಬಹುದಲ್ಲವೇ? ಚೀನೀಯರು ಮಾಡಿದ್ದು ಇದನ್ನೇ. ಅವರ ಭಾಷೆಯಲ್ಲಿ ‘ಮಾ’ ಎಂದರೆ ಕುದುರೆ. ಕುದುರೆಯ ಪಕ್ಕದಲ್ಲಿ ಹೆಣ್ಣಿನ ಗುರುತಿದ್ದರೆ ತಾಯಿ. ಬಾಯಿಯ ಗುರುತಿದ್ದರೆ ವಾಕ್ಯದ ಕೊನೆಗೆ ಬರುವ ಪ್ರಶ್ನಾರ್ಥಕ. ಎರಡು ಬಾಯಿಗಳಿದ್ದರೆ ಬೈಗುಳ. ಸ್ವರದ ಏರಿಳಿತ ಮಾತ್ರ ಬೇರೆ, ಮೂಲಧ್ವನಿ ಒಂದೇ. ತಾಯಿಯನ್ನು ಚೀನೀಯರು ಕುದುರೆಗೆ ಹೋಲಿಸಿದ್ದಾರೆಂದು ಯಾರಾದರೂ ತತ್ತ್ವ ಹೆಣೆದರೆ ಅದು ಬರೀ ಕಲ್ಪನೆ; ಕುದುರೆ ಅಲ್ಲಿ ನಿಂತಿರುವುದು ಧ್ವನಿ ಸೂಚಿಸಲು.

ಇಂದು ಬಳಕೆಯಲ್ಲಿರುವ ಚೀನೀ ಅಕ್ಷರಗಳಲ್ಲಿ ಶೇ 80ಕ್ಕೂ ಹೆಚ್ಚು ಇಂಥವು. ಒಂದು ಭಾಗ ಅರ್ಥದ ವರ್ಗವನ್ನು ಹೇಳುತ್ತದೆ, ಇನ್ನೊಂದು ಭಾಗ ಧ್ವನಿಯನ್ನು ಹೇಳುತ್ತದೆ. ಕ್ರಿ.ಶ. 100ರ ಹೊತ್ತಿಗೆ ಶೂ ಶೆನ್ ಎಂಬ ವಿದ್ವಾಂಸನು 9,353 ಅಕ್ಷರಗಳನ್ನು 540 ಅರ್ಥವರ್ಗಗಳ ಕೆಳಗೆ ಜೋಡಿಸಿ ನಿಘಂಟು ರಚಿಸಿದನು. ಅಷ್ಟು ಹಿಂದೆಯೇ ಅವನಿಗೆ ಈ ರಹಸ್ಯ ತಿಳಿದಿತ್ತು.

ಧ್ವನಿಯ ಭಾಗವನ್ನು ಇಂದು ಪೂರ್ತಿ ನಂಬುವಂತಿಲ್ಲ. ಮಾತು ಬದಲಾಗುತ್ತದೆ, ಬರಹ ನಿಲ್ಲುತ್ತದೆ. ಮಹಾನದಿ ಎಂಬರ್ಥದ ‘ಜಿಯಾಂಗ್’ ಅಕ್ಷರದಲ್ಲಿ ನೀರಿನ ಗುರುತಿನ ಪಕ್ಕ ಧ್ವನಿಗಾಗಿ ಇರುವುದು ‘ಗೋಂಗ್’ ಎಂಬ ಅಕ್ಷರ. ಎರಡು ಸಾವಿರ ವರ್ಷಗಳ ಹಿಂದೆ ಅವೆರಡೂ ಹತ್ತಿರದ ಧ್ವನಿಗಳಾಗಿದ್ದವು. ಈಗ ದೂರ ಸರಿದಿವೆ. ಭಾಷೆಯ ಹಳೆಯ ಉಚ್ಚಾರಣೆಯನ್ನು ಪತ್ತೆಹಚ್ಚುವವರಿಗೆ ಇಂಥ ಅಕ್ಷರಗಳೇ ಶಾಸನಗಳು.

ಅರ್ಥದ ಭಾಗವೂ ಹಾಗೆಯೇ ಸಮಾಜದ ನೆನಪನ್ನು ಹಿಡಿದಿಟ್ಟಿದೆ. ಕೊಳ್ಳುವುದು, ಸರಕು, ಸಂಪತ್ತು, ದುಬಾರಿ, ಬಡತನ ಎಂಬ ಪದಗಳ ಸಾಂಪ್ರದಾಯಿಕ ಅಕ್ಷರಗಳಲ್ಲೆಲ್ಲ ಕವಡೆಯ ಗುರುತಿದೆ. ಕವಡೆ ಹಣವಾಗಿ ಚಲಾವಣೆಯಲ್ಲಿದ್ದ ಕಾಲ ಹೋಗಿ ಎಷ್ಟೋ ಶತಮಾನಗಳಾದರೂ ಮೊಬೈಲಿನಲ್ಲಿ ಹಣ ಪಾವತಿಸುವ ಇಂದಿನ ಚೀನೀಯನ ಬರಹದಲ್ಲಿ ಅದು ಉಳಿದಿದೆ. ಸೂರಿನ ಕೆಳಗೆ ಹಂದಿ ಇದ್ದರೆ ಮನೆ. ಹೆಣ್ಣಿನ ಪಕ್ಕದಲ್ಲಿ ಮಗುವಿದ್ದರೆ ‘ಒಳ್ಳೆಯದು’. ಆದರೆ ಮತ್ಸರವನ್ನು ಸೂಚಿಸುವ ಎರಡು ಅಕ್ಷರಗಳಲ್ಲೂ ಹೆಣ್ಣಿನ ಗುರುತೇ ಇದೆ. ಮೂರು ಹೆಣ್ಣುಗಳನ್ನು ಒಟ್ಟಿಗೆ ಬರೆದರೆ ವ್ಯಭಿಚಾರ. ಲಿಪಿಯನ್ನು ರೂಪಿಸಿದ ಕೈಗಳು ಯಾರವು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅಕ್ಷರಗಳನ್ನು ಒಡೆದು ತತ್ತ್ವ ತೆಗೆಯುವ ಚಟ ಹೊರಗಿನವರಲ್ಲೂ ಇದೆ. ‘ಬಿಕ್ಕಟ್ಟು’ ಎಂಬುದಕ್ಕೆ ಚೀನೀಯರು ಬರೆಯುವ ಎರಡು ಅಕ್ಷರಗಳಲ್ಲಿ ಒಂದು ಅಪಾಯ, ಇನ್ನೊಂದು ಅವಕಾಶ ಎಂಬ ಮಾತನ್ನು ಮ್ಯಾನೇಜ್‌ಮೆಂಟ್ ಉಪನ್ಯಾಸಗಳಲ್ಲಿ ಕೇಳದವರು ವಿರಳ. ಜಾನ್ ಎಫ್. ಕೆನಡಿ 1959ರಲ್ಲೇ ಇದನ್ನು ಭಾಷಣದಲ್ಲಿ ಬಳಸಿದ್ದರು. ವಾಸ್ತವದಲ್ಲಿ ಎರಡನೆಯ ಅಕ್ಷರಕ್ಕೆ ಅಲ್ಲಿರುವ ಅರ್ಥ ‘ನಿರ್ಣಾಯಕ ಗಳಿಗೆ’ ಎಂದಷ್ಟೆ. ಬೇರೊಂದು ಅಕ್ಷರ ಕೂಡಿದಾಗ ಮಾತ್ರ ಅದು ಅವಕಾಶವಾಗುತ್ತದೆ. ಬಿಕ್ಕಟ್ಟು ಚೀನೀಯರಿಗೂ ಬಿಕ್ಕಟ್ಟೇ.

ಭಾರತದ ಗುರುತು

ಈ ಲಿಪಿಯಲ್ಲಿ ಭಾರತದ ಗುರುತುಗಳೂ ಇವೆ ಎಂಬುದು ನಮಗೆ ಕುತೂಹಲದ ಸಂಗತಿ. ಇಮ್ಮಡಿ ಪುಲಿಕೇಶಿಯ ನಾಡನ್ನು ಕಂಡು ಬರೆದ ಹ್ಯೂಯೆನ್‌ತ್ಸಾಂಗ್ ನಮಗೆ ಶಾಲೆಯ ಪಠ್ಯದಿಂದಲೇ ಪರಿಚಿತ. ಅವನಂಥ ಭಿಕ್ಷುಗಳು ಶತಮಾನಗಳ ಕಾಲ ಬೌದ್ಧ ಗ್ರಂಥಗಳನ್ನು ಅನುವಾದಿಸಿದಾಗ, ಚೀನೀಯರಿಗೆ ಹೊಸತಾದ ಪರಿಕಲ್ಪನೆಗಳಿಗೆ ಹೊಸ ಅಕ್ಷರಗಳೇ ಬೇಕಾದವು. ಬುದ್ಧನನ್ನು ಕಾಡಿದ ಮಾರನಿಗಾಗಿ, ‘ಮಾ’ ಧ್ವನಿಯ ಅಕ್ಷರದ ಕೆಳಗೆ ಭೂತದ ಗುರುತು ಹಾಕಿ ಹೊಸತೊಂದನ್ನು ಕಟ್ಟಿದರು. ಈಗ ‘ಮೋ’ ಎಂದು ಉಚ್ಚರಿಸುವ ಆ ಅಕ್ಷರ ಚೀನಾದಲ್ಲಿ ಇಂದ್ರಜಾಲ ಎಂಬ ಪದದಲ್ಲೂ ಇದೆ. ಸ್ತೂಪಕ್ಕೆ ಮಣ್ಣಿನ ಗುರುತಿನೊಂದಿಗೆ ‘ತಾ’ ಎಂಬ ಅಕ್ಷರ ಬಂತು. ಅದೇ ಈಗ ಎಲ್ಲ ಗೋಪುರಗಳಿಗೂ ಹೆಸರು. ‘ಸಂಘ’ದ ಮೊದಲ ಧ್ವನಿಯನ್ನು ಮನುಷ್ಯನ ಗುರುತಿನೊಂದಿಗೆ ಬರೆದು ಭಿಕ್ಷುವಿಗೆ ಹೆಸರಿಟ್ಟರು.

ಇನ್ನೂ ಆಳದ ಪ್ರಭಾವ ಧ್ವನಿಶಾಸ್ತ್ರದ್ದು. ಸಂಸ್ಕೃತ ವರ್ಣಮಾಲೆಯ ಕ್ರಮವನ್ನು ಕಂಡ ಮೇಲೆ ಚೀನೀ ಪಂಡಿತರು ತಮ್ಮ ಭಾಷೆಯ ವ್ಯಂಜನಗಳನ್ನೂ ಉಚ್ಚಾರಣೆಯ ಸ್ಥಾನಕ್ಕೆ ಅನುಗುಣವಾಗಿ ಜೋಡಿಸಿದರು. ಈ ವಿದ್ಯೆ ಭಿಕ್ಷುಗಳ ಮೂಲಕ ಜಪಾನಿಗೂ ಹೋಯಿತು. ಜಪಾನಿನ ಮಗು ಇಂದಿಗೂ ಕಲಿಯುವ ಸ್ವರಕ್ರಮ ಅ, ಇ, ಉ, ಎ, ಒ. ಅದರ ನಂತರ ಬರುವುದು ‘ಕ’ದ ಸಾಲು. ನಮ್ಮ ಕಾಗುಣಿತ ಬಲ್ಲವರಿಗೆ ಇದರ ನೆಂಟಸ್ತಿಕೆಯನ್ನು ವಿವರಿಸಬೇಕಾಗಿಲ್ಲ.

ಇದೇ ಕಟ್ಟುವ ಕ್ರಮ ಹತ್ತೊಂಬತ್ತನೆಯ ಶತಮಾನದಲ್ಲಿ ಮತ್ತೆ ಕೆಲಸಕ್ಕೆ ಬಂತು. ಪಾಶ್ಚಾತ್ಯ ರಸಾಯನಶಾಸ್ತ್ರವನ್ನು ಶಾಂಘೈನಲ್ಲಿ ಅನುವಾದಿಸಿದ ಶೂ ಶೌ, ಮೂಲವಸ್ತುವಿನ ವಿದೇಶಿ ಹೆಸರಿನ ಒಂದು ಧ್ವನಿಯನ್ನು ಹಿಡಿದು, ಲೋಹವಾದರೆ ಲೋಹದ ಗುರುತು ಸೇರಿಸಿ ಅಕ್ಷರಗಳನ್ನು ರೂಪಿಸಿದರು. ಆ ಪದ್ಧತಿ ಇಂದಿಗೂ ನಡೆದಿದೆ. ನಿಹೋನಿಯಂ, ಮಾಸ್ಕೋವಿಯಂ ಮೊದಲಾದ ನಾಲ್ಕು ಹೊಸ ಮೂಲವಸ್ತುಗಳಿಗೆ ಚೀನಾ 2017ರಲ್ಲಿ ಅಧಿಕೃತವಾಗಿ ಅಕ್ಷರಗಳನ್ನು ಗೊತ್ತುಪಡಿಸಿತು. ಲೋಹದ ಗುರುತಿಗೆ ‘ನಿ’ ಧ್ವನಿ ಸೇರಿದರೆ ನಿಹೋನಿಯಂ. ಅನಿಲದ ಗುರುತಿಗೆ ‘ಆವ್’ ಸೇರಿದರೆ ಓಗನೆಸ್ಸನ್. ಮೂರು ಸಾವಿರ ವರ್ಷಗಳ ಹಿಂದಿನ ಉಪಾಯ ಇಪ್ಪತ್ತೊಂದನೆಯ ಶತಮಾನದ ಪರಮಾಣು ವಿಜ್ಞಾನಕ್ಕೂ ಸಾಕಾಯಿತು.

ಯಂತ್ರದ ಮುಂದೆ ಸೋತಾಗ

ಇಷ್ಟು ಕಸುವಿನ ಲಿಪಿಯನ್ನು ಅದರ ಮಕ್ಕಳೇ ದ್ವೇಷಿಸಿದ್ದು ಸುಮ್ಮನಲ್ಲ. ಚೀನಾವನ್ನು ಏಕೀಕರಿಸಿದ ಚಿನ್ ಚಕ್ರವರ್ತಿ ಕ್ರಿ.ಪೂ. 221ರ ನಂತರ ಪ್ರಾಂತಗಳ ಬೇರೆ ಬೇರೆ ಬರಹರೂಪಗಳನ್ನು ತೊಡೆದು ಒಂದೇ ರೂಪ ತಂದಾಗಿನಿಂದ ಲಿಪಿ ಅಧಿಕಾರದ ಸಾಧನವಾಗಿತ್ತು. ಸಾವಿರಾರು ಅಕ್ಷರಗಳನ್ನು ಬಾಯಿಪಾಠ ಮಾಡುವ ಬಿಡುವು ಇದ್ದದ್ದು ಉಳ್ಳವರಿಗೆ. ಸರ್ಕಾರಿ ಹುದ್ದೆಯ ಪರೀಕ್ಷೆಯ ಬಾಗಿಲು ತೆರೆದದ್ದೂ ಅವರಿಗೇ. 1949ರಲ್ಲಿ ಪ್ರತಿ ಐವರಲ್ಲಿ ನಾಲ್ವರು ಅನಕ್ಷರಸ್ಥರಾಗಿದ್ದರು ಎಂಬುದು ಅಲ್ಲಿನ ಸರ್ಕಾರದ ಅಂದಾಜು.

ಇದರ ಜೊತೆಗೆ ಯಂತ್ರಗಳ ಅಪಮಾನ. ತಂತಿ ಕಳಿಸಬೇಕಾದರೆ ಪ್ರತಿ ಅಕ್ಷರವನ್ನೂ ನಾಲ್ಕು ಅಂಕಿಗಳಾಗಿ ಪರಿವರ್ತಿಸಬೇಕಿತ್ತು. ಬೆರಳಚ್ಚು ಯಂತ್ರವೆಂದರೆ ಸುಮಾರು ಎರಡೂವರೆ ಸಾವಿರ ಮೊಳೆಗಳ ತಟ್ಟೆ. ಬೆರಳಚ್ಚುಗಾರ ಒಂದೊಂದನ್ನೇ ಹುಡುಕಿ ಹೊಡೆಯಬೇಕು. ಲೇಖಕ ಲಿನ್ ಯುಟಾಂಗ್ 1947ರಲ್ಲಿ ರೂಪಿಸಿದ ‘ಮಿಂಗ್‌ಕ್ವಾಯ್’ ಯಂತ್ರದಲ್ಲಿ ಕೇವಲ 72 ಕೀಲಿಗಳಿದ್ದವು. ಕೀಲಿ ಒತ್ತಿದರೆ ಸರಿಹೊಂದಬಹುದಾದ ಎಂಟು ಅಕ್ಷರಗಳು ಪುಟ್ಟ ಕಿಂಡಿಯಲ್ಲಿ ಕಾಣುತ್ತಿದ್ದವು, ಬೇಕಾದುದನ್ನು ಆರಿಸಬೇಕಿತ್ತು. ಯಂತ್ರ ಮಾರುಕಟ್ಟೆಗೆ ಬರಲಿಲ್ಲ, ಲೇಖಕರು ಸಾಲದಲ್ಲಿ ಮುಳುಗಿದರು. ಬಹುಕಾಲ ಕಳೆದುಹೋಯಿತೆಂದೇ ನಂಬಲಾಗಿದ್ದ ಅದರ ಮೂಲ ಮಾದರಿ 2025ರಲ್ಲಿ ಅಮೆರಿಕದ ಮನೆಯೊಂದರ ನೆಲಮಾಳಿಗೆಯಲ್ಲಿ ಸಿಕ್ಕಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವನ್ನು ಸೇರಿತು.

1928ರಲ್ಲಿ ತುರ್ಕಿ ಅರಬ್ಬಿ ಲಿಪಿ ಬಿಟ್ಟು ರೋಮನ್ ಲಿಪಿ ಹಿಡಿದಿತ್ತು. ವಿಯೆಟ್ನಾಂ ಚೀನೀ ಮೂಲದ ಅಕ್ಷರಗಳನ್ನು ತೊರೆದಿತ್ತು. ಚೀನಾವೂ ಅದೇ ಹಾದಿ ಹಿಡಿಯಬಹುದೆಂದು ಎಲ್ಲರೂ ಭಾವಿಸಿದರು. ಲಿಪಿಯು ಧ್ವನ್ಯಾತ್ಮಕ ದಿಕ್ಕಿನಲ್ಲಿ ಸಾಗಬೇಕೆಂದು 1951ರಲ್ಲಿ ಮಾವೋ ಕೂಡ ಹೇಳಿದರು. ತಾತ್ಕಾಲಿಕ ಕ್ರಮವಾಗಿ 1956ರಲ್ಲಿ ಸರಳೀಕರಣ ಆರಂಭವಾಯಿತು. 1964ರ ಪಟ್ಟಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಅಕ್ಷರಗಳ ಗೆರೆಗಳು ಕಡಿಮೆಯಾದವು. ‘ಪ್ರೀತಿ’ ಎಂಬ ಅಕ್ಷರದ ನಡುವೆ ಇದ್ದ ‘ಹೃದಯ’ದ ಗುರುತು ಈ ಕತ್ತರಿಗೆ ಸಿಕ್ಕಿತು. ಹೃದಯವಿಲ್ಲದ ಪ್ರೀತಿ ಎಂದು ತೈವಾನ್ ಮತ್ತು ಹಾಂಗ್‌ಕಾಂಗಿನವರು ಇಂದಿಗೂ ಕುಟುಕುವುದುಂಟು. 1977ರ ಎರಡನೆಯ ಸುತ್ತಿನ ಸರಳೀಕರಣ ಜನರಿಗೆ ಒಗ್ಗದೆ 1986ರಲ್ಲಿ ರದ್ದಾಯಿತು.

ರೋಮನ್ ಅಕ್ಷರಗಳಲ್ಲಿ ಚೀನೀ ಭಾಷೆ ಬರೆಯುವ ‘ಪಿನ್‌ಯಿನ್’ ಪದ್ಧತಿಗೆ 1958ರಲ್ಲಿ ಅಲ್ಲಿನ ಸಂಸತ್ತಿನ ಒಪ್ಪಿಗೆ ಸಿಕ್ಕಿತು. ಅದನ್ನು ರೂಪಿಸಿದ ಸಮಿತಿಯ ಪ್ರಮುಖರು ಝೋ ಯೋಗುವಾಂಗ್. ವೃತ್ತಿಯಿಂದ ಅರ್ಥಶಾಸ್ತ್ರಜ್ಞರು, ನ್ಯೂಯಾರ್ಕಿನಲ್ಲಿ ಬ್ಯಾಂಕಿನ ಕೆಲಸ ಮಾಡಿ ಬಂದವರು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಅವರನ್ನು ದೂರದ ನಿಂಗ್‌ಶಿಯಾಕ್ಕೆ ಕೂಲಿ ಮಾಡಲು ಅಟ್ಟಲಾಯಿತು. 111 ವರ್ಷ ಬದುಕಿ 2017ರಲ್ಲಿ ತೀರಿಕೊಂಡ ಅವರು ತಮ್ಮ ಕೃತಿಯ ವಿಚಿತ್ರ ಭಾಗ್ಯವನ್ನು ಕಣ್ಣಾರೆ ಕಂಡರು.

ಏನದು ಭಾಗ್ಯ? ಹಳೆಯ ಲಿಪಿಗೆ ಸಮಾಧಿಯಾಗಬಹುದು ಎಂದುಕೊಂಡದ್ದೇ ಅದಕ್ಕೆ ಸೇತುವೆಯಾಯಿತು. 1970ರ ದಶಕದ ನಡುವಿನಿಂದ ಪೀಕಿಂಗ್ ವಿಶ್ವವಿದ್ಯಾಲಯದ ವಾಂಗ್ ಶುವಾನ್ ಅಕ್ಷರಗಳ ಆಕೃತಿಯನ್ನು ಗಣಿತದ ಮೂಲಕ ಕುಗ್ಗಿಸಿ ಅಂದಿನ ಪುಟ್ಟ ಕಂಪ್ಯೂಟರುಗಳಲ್ಲಿ ಹಿಡಿಸುವ ಬಗೆ ಕಂಡುಹಿಡಿದರು. ಸೀಸದ ಮೊಳೆಗಳು ಮುದ್ರಣಾಲಯಗಳಿಂದ ಮರೆಯಾದವು. ಆ ಬಳಿಕ ಕೀಲಿಮಣೆಯ ಮೇಲೆ ರೋಮನ್ ಅಕ್ಷರಗಳಲ್ಲಿ ‘ಮಾ’ ಎಂದು ಒತ್ತಿದರೆ ತಾಯಿ, ಕುದುರೆ, ಬೈಗುಳಗಳೆಲ್ಲ ಸಾಲಾಗಿ ಬಂದು ನಿಲ್ಲತೊಡಗಿದವು. ಬಳಸುವವನು ಒಂದನ್ನು ಆರಿಸಿದರಾಯಿತು. ಲಿನ್ ಯುಟಾಂಗ್ ಅವರ ಕಿಂಡಿ ಎಲ್ಲರ ಅಂಗೈಗೂ ಬಂದಿತ್ತು.

ಇಲ್ಲಿಗೆ ಒಂದು ಶತಮಾನದ ವಾದ ಕುಸಿದುಬಿತ್ತು. ಲಿಪಿಯ ದೋಷವೆಂದು ಎಣಿಸಿದ್ದು ಇಪ್ಪತ್ತಾರು ಅಕ್ಷರಗಳಿಗೆಂದು ರೂಪಿಸಿದ ಯಂತ್ರಗಳ ಮಿತಿಯಾಗಿತ್ತು. ಅನಕ್ಷರತೆಗೆ ಕಾರಣವೂ ಗೆರೆಗಳ ಸಂಖ್ಯೆಯಲ್ಲ. ಒಂದು ಗೆರೆಯನ್ನೂ ಕಡಿಮೆ ಮಾಡದ ತೈವಾನ್ ಮತ್ತು ಹಾಂಗ್‌ಕಾಂಗ್ ಕೂಡ ಬಹುತೇಕ ಪೂರ್ಣ ಸಾಕ್ಷರತೆ ಸಾಧಿಸಿವೆ. ಬೇಕಾಗಿದ್ದದ್ದು ಶಾಲೆ, ಶಿಕ್ಷಕ, ಮತ್ತು ಮಗುವನ್ನು ಹೊಲಗದ್ದೆಯಿಂದ ಬಿಡಿಸಿ ತರಗತಿಗೆ ಕಳಿಸುವ ಆರ್ಥಿಕ ಸ್ಥಿತಿ. ಲೂ ಶುನ್ ಕಂಡ ಯಾತನೆ ಸತ್ಯ. ಅವರು ಗುರುತಿಸಿದ ಅಪರಾಧಿ ಮಾತ್ರ ಬೇರೆ.

ಆದರೆ ಉಳಿವಿಗೂ ಒಂದು ಬೆಲೆ ತೆರಬೇಕಾಗಿದೆ. ಧ್ವನಿ ಒತ್ತಿ ಅಕ್ಷರ ಆರಿಸುವ ಅಭ್ಯಾಸದಿಂದ ಓದುವ ಕಣ್ಣು ಚುರುಕಾಗಿದೆ, ಬರೆಯುವ ಕೈ ಮಂದವಾಗಿದೆ. ‘ಲೇಖನಿ ಎತ್ತಿದೊಡನೆ ಅಕ್ಷರ ಮರೆವು’ ಎಂಬ ಪಡೆನುಡಿಯೇ ಅಲ್ಲಿ ಹುಟ್ಟಿಕೊಂಡಿದೆ. 2013ರಲ್ಲಿ ಚೀನಾದ ಸರ್ಕಾರಿ ಟಿ.ವಿ. ವಾಹಿನಿ ಉಕ್ತಲೇಖನ ಸ್ಪರ್ಧೆಯೊಂದನ್ನು ಪ್ರಸಾರ ಮಾಡಿದಾಗ, ನೆಲಗಪ್ಪೆಯ ಹೆಸರನ್ನು ಸರಿಯಾಗಿ ಬರೆಯಲು ಅಲ್ಲಿ ಕುಳಿತಿದ್ದ ವಯಸ್ಕರಲ್ಲಿ ಬಹುಪಾಲು ಜನರಿಗೆ ಆಗಲಿಲ್ಲ. ಓದಲು ಎಲ್ಲರಿಗೂ ಬರುತ್ತಿತ್ತು. ಅದೇ ವರ್ಷ ಸರ್ಕಾರ 8,105 ಅಕ್ಷರಗಳ ಪ್ರಮಾಣಿತ ಪಟ್ಟಿ ಪ್ರಕಟಿಸಿತು. ಅಜ್ಜ ಆರಿಸಿಟ್ಟ ಅಪರೂಪದ ಅಕ್ಷರವನ್ನು ಹೆಸರಲ್ಲಿ ಹೊತ್ತವರು ಕಂಪ್ಯೂಟರ್ ಒಪ್ಪದ ಕಾರಣ ಗುರುತಿನ ಚೀಟಿಗಾಗಿ ಪರದಾಡಿದ್ದೂ ಇದೆ. ಒಂದು ಕಾಲಕ್ಕೆ ಯಂತ್ರಕ್ಕಾಗಿ ಲಿಪಿಯನ್ನೇ ಬಿಡಬೇಕೆಂದರು. ಈಗ ಯಂತ್ರ ಲಿಪಿಯನ್ನು ಕಾಪಾಡುತ್ತ ಕೈಯ ನೆನಪನ್ನು ಸದ್ದಿಲ್ಲದೆ ಒಯ್ಯುತ್ತಿದೆ.

ಕನ್ನಡಕ್ಕೂ ಇಂಥ ಚರ್ಚೆಗಳು ಹೊಸವಲ್ಲ. ಮಹಾಪ್ರಾಣಗಳನ್ನು ಕೈಬಿಟ್ಟರೆ ಬರಹ ಎಲ್ಲರದಾಗುತ್ತದೆಂದು ಭಾಷಾಶಾಸ್ತ್ರಜ್ಞ ಡಿ.ಎನ್. ಶಂಕರ ಭಟ್ಟರು ವಾದಿಸಿದಾಗ ಪರ ವಿರೋಧಗಳೆರಡೂ ಬಿರುಸಾಗಿದ್ದವು. ಬೆರಳಚ್ಚು ಯಂತ್ರದಲ್ಲಿ ನಮ್ಮ ಒತ್ತಕ್ಷರಗಳು ಪಟ್ಟ ಪಾಡನ್ನೂ, ಬಳಿಕ ಕೆ.ಪಿ. ರಾವ್ ಅವರಂಥವರು ಕೀಲಿಮಣೆಯನ್ನೇ ಕನ್ನಡದ ಜಾಯಮಾನಕ್ಕೆ ಒಗ್ಗಿಸಿದ್ದನ್ನೂ ನಾವು ಬಲ್ಲೆವು. ಆದರೂ ಮೊಬೈಲಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆದು ಕಳಿಸುವವರು ನಮ್ಮ ನಡುವೆ ಬಹಳ ಮಂದಿ. ಚೀನೀಯನೂ ಅದೇ ಇಂಗ್ಲಿಷ್ ಅಕ್ಷರಗಳನ್ನು ಒತ್ತುತ್ತಾನೆ, ನಿಜ. ಆದರೆ ಅವನು ಅಲ್ಲಿಗೇ ನಿಲ್ಲುವುದಿಲ್ಲ. ತನ್ನ ಅಕ್ಷರ ಮೂಡುವವರೆಗೆ ಸಂದೇಶ ಕಳಿಸುವುದಿಲ್ಲ. ಸಾವಿರಾರು ಅಕ್ಷರಗಳ ಹೊರೆ ಹೊತ್ತವನು ಹೀಗೆ ಇನ್ನೊಂದು ಹೆಜ್ಜೆ ಇಡುತ್ತಾನೆ. ಐವತ್ತು ಅಕ್ಷರಗಳನ್ನೂ ದಾಟದ ವರ್ಣಮಾಲೆಯನ್ನು ಬಾಲ್ಯದಲ್ಲೇ ಕಲಿತ ನಾವು ಆ ಹೆಜ್ಜೆ ಇಡಲು ಬೇಸರಪಡುತ್ತೇವೆ.

ಲಿಪಿಗಳನ್ನು ಪಂಡಿತರ ಠರಾವುಗಳು ಕೊಲ್ಲಲಾರವು ಎಂಬುದಕ್ಕೆ ಚೀನಾ ಸಾಕ್ಷಿ. ಅವನ್ನು ಕೊಲ್ಲಬಲ್ಲವರು ದಿನನಿತ್ಯ ಬರೆಯುವವರು ಮಾತ್ರ.